ಮಡಿಸಿಡಬೇಕಾದ ಉಡುಪು

ಆ ಮನೆಯಲ್ಲಿ ಸ್ವೆಟರನ್ನು ಹ್ಯಾಂಗರಿಗೆ ಹಾಕಿದವರಿಗೆ ಊಟದ ಜೊತೆ ಬೈಗುಳವನ್ನೂ ಬಡಿಸಲಾಗುತ್ತಿತ್ತು. ಅದು ಅತ್ತೆಯ ಕಾನೂನು. ಉಣ್ಣೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ, ನೇತುಹಾಕಿದರೆ ತೋಳು ಮೊಣಕಾಲು ಮುಟ್ಟುತ್ತದೆ, ಮಡಿಸಿಡಿ, ಮಡಿಸಿಡಿ ಎಂದು ಹೇಳಿ ಹೇಳಿ ಅವರ ಬಾಯಿ ಸೋತಿತ್ತು. ಲಿಫ್ಟ್ ಮೆಕ್ಯಾನಿಕ್ಕಾದ ಮಗ, ಶಾಲೆಯ ಹೆಡ್ ಮಿಸ್ಸಾದ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮೊಮ್ಮಗಳು ಪುಟ್ಟಿ, ಎಲ್ಲರೂ ಆ ಪಾಠ ಕೇಳಿಯೇ ಬೆಳೆದವರು. ತಡವಾಗಿ ಸೇರಿದವಳು ಸೊಸೆ ಒಬ್ಬಳೇ. ಅವಳು ದುಡಿಯುತ್ತಿದ್ದದ್ದು ಬೀದಿ ತಿರುವಿನ ಲಾಂಡ್ರಿಯಲ್ಲಿ. ಅಲ್ಲಿ ಒಳ್ಳೆಯ ಬಟ್ಟೆಯೆಂದರೆ ಹ್ಯಾಂಗರಿಗೆ ಹೋಗಬೇಕು. ಕೋಟು ಮಡಿಸಿ ಕೊಟ್ಟರೆ ಗಿರಾಕಿ ಅದನ್ನು ಮೇಜಿನ ಮೇಲೇ ಎಸೆದು ಹೋಗುತ್ತಿದ್ದ.

ಅತ್ತೆಯ ಟ್ರಂಕಿನ ತುಂಬ ಹಳೇ ಹೆಣಿಗೆ ಪತ್ರಿಕೆಗಳಿದ್ದವು. ಅವರ ತಾಯಿ ಕೊಂಡವು, ಅವರು ಕಾಪಾಡಿಕೊಂಡು ಬಂದವು. ಪುಟಪುಟದಲ್ಲೂ ಟೊಪ್ಪಿಗೆ, ಕೈಗವಸು ತೊಟ್ಟ ಹೆಂಗಸರು ಕಾರಿಗೆ ಒರಗಿ, ಸೊಂಟದ ಮೇಲೆ ಒಂದು ಕೈ ಇಟ್ಟು, ದೂರದಲ್ಲಿ ಏನನ್ನೋ ನೋಡುತ್ತಾ ನಿಂತಿದ್ದರು. ಒಬ್ಬರ ಮೈಮೇಲೂ ಒಂದು ಸುಕ್ಕಿಲ್ಲ. ಇವರಿಗೆಲ್ಲ ಅಡುಗೆಮನೆಯೇ ಇರಲಿಲ್ಲವೇನೋ ಎಂದು ಸೊಸೆ ಒಮ್ಮೆ ಅಂದದ್ದಕ್ಕೆ ಅತ್ತೆ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದರು. ಆ ಪತ್ರಿಕೆಗಳ ಬಗ್ಗೆ ತಮಾಷೆ ಮಾಡುವ ಹಕ್ಕು ಅವರಿಗೆ ಮಾತ್ರ ಇತ್ತು.

ಅವುಗಳಲ್ಲೊಂದರಲ್ಲಿ ಒಂದು ಹಸಿರು ಉಡುಪಿನ ಚಿತ್ರ. ಕತ್ತಿನವರೆಗೆ ಬರುವ ಕಾಲರು, ಮೊಣಕೈ ದಾಟಿ ನಿಲ್ಲುವ ತೋಳು, ಎದೆಯುದ್ದಕ್ಕೆ ಪುಟ್ಟ ಗುಂಡಿಗಳ ಸಾಲು, ಬಿಗಿದ ಸೊಂಟಪಟ್ಟಿ, ಅದರ ಕೆಳಗೆ ಅಗಲವಾಗುತ್ತಾ ಹೋಗಿ ಮೊಣಕಾಲಿನ ಕೆಳಗೆ ನಿಲ್ಲುವ ಸ್ಕರ್ಟು. ಇಡೀ ಉಡುಪು ಕೂದಲೆಳೆಯಂಥ ಉಣ್ಣೆಯಲ್ಲಿ, ಕೈಯಲ್ಲೇ ಹೆಣೆದದ್ದು. ಹೆಡ್ ಮಿಸ್ಸು ಚಿಕ್ಕವಳಿದ್ದಾಗ ಆ ಚಿತ್ರದ ಮೇಲೆ ಬೆರಳಿಟ್ಟು ಇದು ನನಗೆ ಬೇಕು ಅಂದಿದ್ದಳು; ದೊಡ್ಡವಳಾದಾಗ ಹೆಣೆದುಕೊಡ್ತೀನಿ ಅಂದಿದ್ದರು ತಾಯಿ. ಅವಳು ದೊಡ್ಡವಳಾದಳು, ಕನ್ನಡಕ ಬಂತು, ಮಂಡಿನೋವು ಬಂತು, ಈಗ ಶಾಲೆಯಿಂದ ನಿವೃತ್ತಿಯೂ ಬಂತು. ಬೀಳ್ಕೊಡುಗೆ ಸಮಾರಂಭಕ್ಕೆ ಏನು ಹಾಕಿಕೊಳ್ಳುವುದೆಂಬ ಮಾತು ಬಂದಾಗ ಅವಳು ಟ್ರಂಕು ತೆಗೆಸಿದಳು.

"ಅಮ್ಮ, ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ಈ ಸೊಂಟ ಎಲ್ಲಿಂದ ತರ್ತೀಯಾ?"

"ಸೊಂಟ ಪುಸ್ತಕದಲ್ಲೇ ಇರ್ಲಿ. ನೀನು ನನ್ನ ಅಳತೆಗೆ ಹೆಣಿ."

ಅತ್ತೆ ನಕ್ಕರು. ತಮ್ಮ ಬೆರಳುಗಳನ್ನು ಮಡಿಸಿ, ಬಿಡಿಸಿ ನೋಡಿಕೊಂಡರು. ಗೆಣ್ಣುಗಳು ಆಗಲೇ ಗಂಟುಕಟ್ಟಿದ್ದವು. "ಇದೇ ಕೊನೇದು. ಆಮೇಲೆ ಯಾರೂ ಕೇಳಬೇಡಿ."

ಆಮೇಲೆ ಕೇಳಲು ಉಳಿದವಳು ಸೊಸೆ ಒಬ್ಬಳೇ. ಆ ಮನೆಯಲ್ಲಿ ಎಲ್ಲರಿಗೂ ಹೆಣೆದಾಗಿತ್ತು. ಹಾಲಿನವನ ಮಗುವಿಗೂ ಟೊಪ್ಪಿಗೆ ಸಿಕ್ಕಿತ್ತು. ಸೊಸೆಗೆ ಸಿಕ್ಕಿದ್ದು ಲಡಿ ಹಿಡಿಯುವ ಕೆಲಸ. ಅಂಗಡಿಯಿಂದ ಲಡಿಯಾಗಿ ಬರುವ ಉಣ್ಣೆಯನ್ನು ಎರಡು ಮಣಿಕಟ್ಟುಗಳಿಗೆ ಹಾಕಿಕೊಂಡು ಅವಳು ಕೂರಬೇಕು, ಅತ್ತೆ ಎದುರು ಕೂತು ಉಂಡೆ ಸುತ್ತಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಹಿಡಿದ ಕೈ ಇನ್ನೂ ಇಳಿದಿರಲಿಲ್ಲ. ಬೇಜಾರಿತ್ತು, ಆದರೆ ಬಾಯಿಬಿಟ್ಟು ಕೇಳುವಷ್ಟು ಸಣ್ಣವಳಾಗಲು ಅವಳಿಗೆ ಮನಸ್ಸಿರಲಿಲ್ಲ.

ಉಡುಪು ಮುಗಿಯುವಷ್ಟರಲ್ಲಿ ಚಳಿಗಾಲ ಹೋಗಿ ಸೆಕೆ ಬಂದಿತ್ತು. ಕೊನೆಯ ಗುಂಡಿ ಹೊಲಿದ ಮಧ್ಯಾಹ್ನ ಮನೆಯಲ್ಲಿ ಇದ್ದವರು ಇವರಿಬ್ಬರೇ. ಸೊಸೆ ಲಾಂಡ್ರಿಯಿಂದ ಬಂದು ಚಹಾ ಮಾಡಿ ತಂದಿಟ್ಟಳು. ಅತ್ತೆ ಉಡುಪನ್ನು ಎರಡು ಕೈಯಲ್ಲೂ ಎತ್ತಿ ಅವಳಿಗೆ ಕೊಟ್ಟರು.

"ತಗೊ, ಹ್ಯಾಂಗರಿಗೆ ಹಾಕಿ ನನ್ನ ಬೀರುವಲ್ಲಿಡು."

ಸೊಸೆ ನಿಂತಳು. "ಹ್ಯಾಂಗರಿಗಾ ಅತ್ತೆ?"

"ಮತ್ತೆ, ನೆಲಕ್ಕೆ ಹಾಕ್ತಾರಾ? ನಿನ್ನ ಲಾಂಡ್ರೀಲಿ ಹಾಕಲ್ವಾ? ಒಳ್ಳೇ ಬಟ್ಟೆ ಕಣೇ ಅದು."

ಸೊಸೆಗೆ ಆ ಕಾನೂನು ನೆನಪಿಗೆ ಬರಲಿಲ್ಲವೆಂದಲ್ಲ, ಬಂತು. ಆದರೆ ಇದು ಸ್ವೆಟರಲ್ಲ, ದೊಡ್ಡ ಉಡುಪು, ಇದರ ಕ್ರಮ ಬೇರೆಯಿರಬಹುದು ಅಂದುಕೊಂಡಳು. ನಿಜ ಹೇಳಬೇಕೆಂದರೆ ನಿನ್ನ ಲಾಂಡ್ರಿ ಎಂದು ಅತ್ತೆ ಮೊದಲ ಸಲ ಮರ್ಯಾದೆಯಿಂದ ಅಂದದ್ದೇ ಅವಳಿಗೆ ಸಾಕಾಗಿತ್ತು. ಮರುದಿನ ಲಾಂಡ್ರಿಯಿಂದ ಅಗಲ ಭುಜದ ಒಳ್ಳೆಯ ಮರದ ಹ್ಯಾಂಗರನ್ನೇ ತಂದು, ಮಾಲೀಕನಿಗೆ ಹೇಳಿ ಒಂದು ಮುಸುಕು ಚೀಲವನ್ನೂ ತಂದು, ಉಡುಪನ್ನು ನೇತುಹಾಕಿ, ಜಿಪ್ಪು ಎಳೆದು ಬೀರು ಮುಚ್ಚಿದಳು. ಆಮೇಲೆ ಅದರ ಮುಖ ನೋಡಿದವರಿಲ್ಲ.

ಕೆಲವು ವಾರಗಳಾದ ಮೇಲೆ ಹೆಡ್ ಮಿಸ್ಸು ತನ್ನ ಮನೆಯಿಂದ ಅಳತೆ ನೋಡಲು ಬಂದಳು. ಒಳಕೋಣೆಗೆ ಹೋಗಿ ಹಾಕಿಕೊಂಡು ಹೊರಬಂದಾಗ ಪುಟ್ಟಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ಸ್ಕರ್ಟಿನ ಅಂಚು ನೆಲ ಗುಡಿಸುತ್ತಿತ್ತು. ಸೊಂಟಪಟ್ಟಿ ತೊಡೆಗೆ ಇಳಿದಿತ್ತು. ತೋಳಿನೊಳಗಿಂದ ಬೆರಳ ತುದಿ ಮಾತ್ರ ಕಾಣುತ್ತಿತ್ತು.

"ಇದನ್ನ ಯಾರು ನೇತುಹಾಕಿದ್ದು?" ಹೆಡ್ ಮಿಸ್ಸಿನ ದನಿ ತರಗತಿಯ ದನಿಯಾಗಿತ್ತು.

"ನಾನೇ," ಅಂದಳು ಸೊಸೆ. "ಅತ್ತೆ ಹಾಕು ಅಂದ್ರು."

ಎಲ್ಲರೂ ಅತ್ತೆಯ ಕಡೆ ನೋಡಿದರು. ಅವರು ಉಡುಪಿನ ಅಂಚನ್ನು ಹಿಡಿದು ಬಗ್ಗಿದ್ದವರು ನಿಧಾನವಾಗಿ ನೆಟ್ಟಗಾದರು. ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು.

"ನಾನಾ? ಉಣ್ಣೇನ ನೇತುಹಾಕು ಅಂತ ನಾನು ಹೇಳ್ತೀನಾ?"

"ಹೇಳಿದ್ರಿ ಅತ್ತೆ. ಗುಂಡಿ ಹೊಲಿದ ದಿನ. ನಾನು ಎರಡನೇ ಸಲ ಕೇಳಿದೆ ಕೂಡ."

"ಅತ್ತಿಗೆ," ಅಂದಳು ಹೆಡ್ ಮಿಸ್ಸು, "ತಪ್ಪು ಎಲ್ಲರೂ ಮಾಡ್ತಾರೆ. ಅಮ್ಮನ ಮೇಲೆ ಯಾಕೆ ಹಾಕ್ತೀರಾ? ಹ್ಯಾಂಗರಿಗೆ ಹಾಕಿದ್ದಕ್ಕೆ ನಾನು ಚಿಕ್ಕವಳಿದ್ದಾಗ ಏಟು ತಿಂದಿದ್ದೀನಿ. ಈ ಬಾಯಲ್ಲಿ ಆ ಮಾತು ಬರೋಕೆ ಸಾಧ್ಯನಾ?"

"ಬಂತು. ಅದನ್ನೇ ಹೇಳ್ತಿದ್ದೀನಿ."

"ನಿಮಗೆ ಹೆಣೆದುಕೊಡಲಿಲ್ಲ ಅಂತ ಹೊಟ್ಟೆಕಿಚ್ಚಿದ್ರೆ ಬಾಯಿಬಿಟ್ಟು ಕೇಳಬಹುದಿತ್ತು."

ಮಾತು ಅಲ್ಲಿಗೆ ಬಂದು ಬಿತ್ತು. ಸೊಸೆ ಗಂಡನ ಕಡೆ ನೋಡಿದಳು. ಅವನು ಕೆಲಸದ ಬಟ್ಟೆಯಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ. ಎಲ್ಲ ಜಗಳವನ್ನೂ ಬೇಗ ಮುಗಿಸಿ ಊಟಕ್ಕೆ ಕೂರುವುದು ಅವನ ಸ್ವಭಾವ.

"ತಪ್ಪಾಯ್ತು ಅಂದುಬಿಡು, ಮುಗೀತು," ಅಂದ.

"ಮಾಡದೇ ಇರೋ ತಪ್ಪಿಗಾ?"

"ನೇತುಹಾಕಿದ್ದು ನೀನೇ ತಾನೇ?"

ಅವಳು ತಪ್ಪಾಯ್ತು ಅನ್ನಲಿಲ್ಲ. ಹೆಡ್ ಮಿಸ್ಸು ಉಡುಪನ್ನು ಕುರ್ಚಿಯ ಮೇಲೆ ಹಾಕಿ, ಊಟ ಬೇಡವೆಂದು ಹೊರಟುಹೋದಳು.

ಅವತ್ತಿನಿಂದ ಆ ಮನೆಯ ಊಟದ ಮೇಜಿನಲ್ಲಿ ತಟ್ಟೆ ಚಮಚಗಳ ಸದ್ದೇ ಹೆಚ್ಚಾಯಿತು. ಅತ್ತೆ ಸೊಸೆಯ ಹತ್ತಿರ ಪುಟ್ಟಿಯ ಮೂಲಕ ಮಾತಾಡತೊಡಗಿದರು. ಉಪ್ಪು ಕೊಡಕ್ಕೆ ಹೇಳೇ ನಿಮ್ಮಮ್ಮನಿಗೆ. ಪುಟ್ಟಿ ನಡುವೆ ಕೂತು ಎರಡೂ ಕಡೆ ನೋಡಿ ಸುಸ್ತಾಗಿ, "ನಾನೇನು ಪೋಸ್ಟಾಫೀಸಾ?" ಅಂದಳು. ಒಂದು ಸಂಜೆ ಪಾತ್ರೆ ಒರೆಸುತ್ತಾ ತಾಯಿಯನ್ನೇ ಕೇಳಿದಳು.

"ಅಮ್ಮ, ಅಜ್ಜಿ ನಿಜವಾಗ್ಲೂ ಹೇಳಿದ್ರಾ?"

"ನಿನಗೂ ಸಂಶಯನಾ?"

"ಸಂಶಯ ಅಲ್ಲ. ಅಜ್ಜಿ ಹಾಗೆ ಹೇಳೋದನ್ನ ಊಹಿಸೋಕಾಗಲ್ಲ, ಅಷ್ಟೇ."

ಸೊಸೆ ಇನ್ನೊಂದು ಪಾತ್ರೆ ತೊಳೆದು ಅವಳ ಕೈಗಿಟ್ಟಳು. ಹೊಟ್ಟೆಕಿಚ್ಚಿನವಳು, ಸುಳ್ಳಿ, ಎರಡೂ ಹೆಸರು ಒಂದೇ ಮಧ್ಯಾಹ್ನ ಸಿಕ್ಕಿದ್ದವು. ಅತ್ತೆ ಬೇಕೆಂದೇ ಮಾತು ತಿರುಗಿಸಿದರು ಎಂದೇ ಅವಳು ನಂಬಿದ್ದಳು. ಆ ನಂಬಿಕೆಯಲ್ಲಿ ಒಂದು ನೆಮ್ಮದಿ ಇತ್ತು. ಸಿಟ್ಟು ಮಾಡಿಕೊಳ್ಳಲು ಒಬ್ಬರಿದ್ದರು.

ಅದೂ ಹೋಯಿತು. ಒಂದು ಬೆಳಗ್ಗೆ ಅತ್ತೆ ಹಾಲನ್ನು ಒಲೆಯ ಮೇಲಿಟ್ಟು, ಪಕ್ಕದಲ್ಲೇ ನಿಂತು, ಅದು ಉಕ್ಕಿ ಹರಿಯುವುದನ್ನು ನೋಡುತ್ತಿದ್ದರು. ಸೊಸೆ ಓಡಿಬಂದು ಆರಿಸಿದಾಗ, "ಯಾರಿಟ್ಟಿದ್ದು ಇದನ್ನ?" ಎಂದು ಕೇಳಿದರು. ದನಿಯಲ್ಲಿ ನಾಟಕವಿರಲಿಲ್ಲ. ಇನ್ನೊಂದು ದಿನ ಊಟ ಮಾಡಿ ಎದ್ದವರು ಕೈ ಒರೆಸಿಕೊಂಡು ಬಂದು, ಇವತ್ತು ಊಟ ಇಲ್ವಾ ಅಂದರು. ಮತ್ತೊಂದು ದಿನ ಬೀರುವಿನ ಕೀಲಿ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಆದರೆ ಹೆಣಿಗೆಯ ಮಾತು ತೆಗೆದರೆ ಒಂದು ಕುಣಿಕೆಯೂ ತಪ್ಪದಂತೆ ಹೇಳುತ್ತಿದ್ದರು. ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ.

ಸೊಸೆ ಒಲೆಯ ಮುಂದೆ ನಿಂತು ಹಾಲಿನ ಕಲೆ ಉಜ್ಜುತ್ತಾ ಅತ್ತಳು. ಯಾರಿಗಾಗಿ ಅಳುತ್ತಿದ್ದೇನೆಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ.

ಈಗ ಅವಳ ಕೈಯಲ್ಲಿ ಸಾಕ್ಷಿ ಇತ್ತು. ಗಂಡನಿಗೆ ಹೇಳಿದರೆ ಒಂದೇ ದಿನದಲ್ಲಿ ಅವಳ ಹೆಸರು ತೊಳೆದುಹೋಗುತ್ತಿತ್ತು. ಹೇಳದಂತೆ ತಡೆದದ್ದು ಎದುರುಮನೆಯ ಕಿಟಕಿ. ಅಲ್ಲಿ ಟೈಲರನ ತಾಯಿ ಇದ್ದರು. ಮರೆವು ಬಂದು ಆಕೆ ಒಂದೆರಡು ಸಲ ದಾರಿ ತಪ್ಪಿ ಹೋಗಿದ್ದಕ್ಕೆ ಮಗ ಹೊರಗಿನಿಂದ ಬೀಗ ಹಾಕಿ ಅಂಗಡಿಗೆ ಹೋಗುತ್ತಿದ್ದ. ಆಕೆ ಕಿಟಕಿಯ ಸರಳು ಹಿಡಿದು ಹೋಗಿಬರುವವರನ್ನೆಲ್ಲ ಕರೆಯುತ್ತಿದ್ದರು. ಬಾಗಿಲು ತೆಗೀರಪ್ಪ, ಬಾಗಿಲು ತೆಗೀರಮ್ಮ.

"ಅವನು ಮಾಡಿದ್ದು ಸರಿ," ಅಂದಿದ್ದ ಗಂಡ ಹಿಂದೊಮ್ಮೆ, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ. "ಸಂಶಯ ಬಂದ ಲಿಫ್ಟಿಗೆ ಮೊದಲು ಬೀಗ ಹಾಕಬೇಕು. ರಿಪೇರಿ ಆಮೇಲಿನ ಮಾತು."

"ಮನುಷ್ಯರು ಲಿಫ್ಟಾ ಅಪ್ಪಾ?" ಅಂದಿದ್ದಳು ಪುಟ್ಟಿ.

"ಮನೆಗೆ ಬೆಂಕಿ ಬಿದ್ರೆ ಆಗ ನೀನೇ ಕೇಳ್ತೀಯಾ, ಅಪ್ಪ ಯಾಕೆ ಬೀಗ ಹಾಕ್ಲಿಲ್ಲ ಅಂತ."

ಅತ್ತೆ ಆ ಕಿಟಕಿಯ ಕಡೆಯ ಪರದೆಯನ್ನು ಎಳೆದಿದ್ದರು. "ನನಗೆ ಹಾಗಾದ ದಿನ ನನ್ನ ಹೆಣಿಗೆ ಕಡ್ಡಿ ಕಿತ್ಕೊಂಡು ಬಾಗಿಲು ಹಾಕಬೇಡ್ರೋ," ಅಂದಿದ್ದರು, ನಗುತ್ತಲೇ. "ಅದಕ್ಕಿಂತ ಅದೇ ಕಡ್ಡೀಲಿ ಚುಚ್ಚಿಬಿಡಿ." ಎಲ್ಲರೂ ನಕ್ಕಿದ್ದರು. ಕೈ ಮಾತ್ರ ಪರದೆಯನ್ನು ಬಿಟ್ಟಿರಲಿಲ್ಲ. ಸೊಸೆ ಅದನ್ನು ನೋಡಿದ್ದಳು.

ಹಾಗಾಗಿ ಅವಳು ಬಾಯಿ ಮುಚ್ಚಿಕೊಂಡಳು. ಲಾಂಡ್ರಿಗೆ ಹೋಗುವ ಮುಂಚೆ ಒಲೆಯ ಹಿಂದಿನ ಗ್ಯಾಸ್ ಕೊಳವೆ ಮುಚ್ಚಿ ಹೋಗುತ್ತಿದ್ದಳು. ಉಪ್ಪು ಎರಡು ಸಲ ಬಿದ್ದ ಅಡುಗೆಯನ್ನು ತಾನೇ ಮಾಡಿದ್ದು ಅನ್ನುತ್ತಿದ್ದಳು. ಗಂಡ ಮುಖ ಸಿಂಡರಿಸಿ, "ಸಿಟ್ಟು ನಮ್ಮ ಮೇಲಿದ್ರೆ ಅಡುಗೆ ಮೇಲೆ ಯಾಕೆ ತೀರಿಸ್ಕೋತೀಯಾ?" ಎನ್ನುತ್ತಿದ್ದ. ಅವಳು ನೀರಿನ ಲೋಟ ಮುಂದೆ ತಳ್ಳುತ್ತಿದ್ದಳು.

ಉಡುಪು ಇನ್ನೂ ಕುರ್ಚಿಯ ಮೇಲೇ ಬಿದ್ದಿತ್ತು. ಸಮಾರಂಭ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ಸೊಸೆ ಅದನ್ನೆತ್ತಿ ಅತ್ತೆಯ ತೊಡೆಯ ಮೇಲಿಟ್ಟಳು.

"ಇದನ್ನ ಸರಿ ಮಾಡೋಕಾಗಲ್ವಾ ಅತ್ತೆ?"

ಮಧ್ಯೆ ಮಾತು ತಲುಪಿಸಲು ಪುಟ್ಟಿ ಇರಲಿಲ್ಲ. ಅತ್ತೆ ಅಂಚನ್ನು ಬೆರಳ ನಡುವೆ ಹಿಡಿದು ಉಜ್ಜಿದರು.

"ಆಗುತ್ತೆ. ನನ್ನ ಕೈಲಿ ಆಗಲ್ಲ. ನಿನ್ನ ಕೈ ಬೇಕು."

ಮೊದಲು ತಣ್ಣೀರಿನಲ್ಲಿ ನೆನೆಸಿ, ಟವೆಲಿನಲ್ಲಿ ಸುತ್ತಿ ನೀರು ಹೀರಿಸಿ, ಹಾಸಿಗೆಯ ಮೇಲೆ ಹರಡಿ, ಅಂಗೈಯಿಂದ ಒತ್ತಿ ಒತ್ತಿ ಒಳಗೆ ಸೇರಿಸಿದರು. ಒಣಗಿದ ಮೇಲೆ ಸೊಂಟ ಸೊಂಟದ ಜಾಗಕ್ಕೆ ಬಂತು. ಉದ್ದ ಮಾತ್ರ ಪೂರ್ತಿ ಹೋಗಲಿಲ್ಲ. ಆಗ ಅತ್ತೆ ಕತ್ತರಿ ತರಿಸಿದರು.

"ಕತ್ತರಿಸೋದಾ?" ಸೊಸೆ ಕತ್ತರಿಯನ್ನು ಹಿಂದಕ್ಕೆ ಎಳೆದುಕೊಂಡಳು. "ಬೇಡ ಅತ್ತೆ. ಇದೂ ನನ್ನ ತಲೆ ಮೇಲೆ ಬರುತ್ತೆ."

"ಬಟ್ಟೆ ಅಲ್ಲ, ಒಂದು ಎಳೆ. ಇಲ್ಲಿ. ಕತ್ತರಿಸು ಅಂದೆ."

ಎಳೆ ಕತ್ತರಿಸಿ, ಅದರ ತುದಿ ಹಿಡಿದು ಸಾಲುದ್ದಕ್ಕೂ ಎಳೆದಾಗ ಸ್ಕರ್ಟಿನ ಅಂಚು ತನ್ನಷ್ಟಕ್ಕೆ ಕಳಚಿಕೊಂಡು ತೊಡೆಯ ಮೇಲೆ ಬಿತ್ತು. ಮೇಲಿನ ಭಾಗದಲ್ಲಿ ಕುಣಿಕೆಗಳೆಲ್ಲ ಬಾಯ್ತೆರೆದು ನಿಂತವು. ಒಂದು ಜಾರಿದರೂ ಸೊಂಟದವರೆಗೆ ಬಿಚ್ಚಿಕೊಳ್ಳುತ್ತದೆ, ಉಸಿರಾಡಬೇಡ ಅಂದರು ಅತ್ತೆ. ಸೊಸೆ ಒಂದೊಂದನ್ನೇ ಕಡ್ಡಿಗೆ ಏರಿಸಿದಳು. ಬೆರಳು ಬಿಗಿಯಾದಾಗ ಅತ್ತೆ ಇನ್ನೊಂದು ಕಡ್ಡಿಯಿಂದ ಮಣಿಕಟ್ಟಿಗೆ ತಟ್ಟುತ್ತಿದ್ದರು.

"ಇಸ್ತ್ರಿ ಹಿಡಿದ ಹಾಗೆ ಹಿಡೀಬೇಡ. ಕೋಳಿಮರಿ ಹಿಡಿದ ಹಾಗೆ ಹಿಡಿ."

"ನಾನು ಕೋಳಿಮರಿ ಹಿಡಿದೇ ಇಲ್ಲ."

"ಪುಟ್ಟೀನ ಹೆತ್ತಾಗ ಹೇಗೆ ಹಿಡಿದಿದ್ದೆ, ಹಾಗೆ."

ಹಲವು ಮಧ್ಯಾಹ್ನಗಳು ಹಾಗೆ ಹೋದವು. ಸ್ಕರ್ಟಿಗೆ, ಎರಡು ತೋಳಿಗೆ ಹೊಸ ಅಂಚು ಬಂತು. ಹೆಣೆದದ್ದೆಲ್ಲ ಸೊಸೆಯ ಕೈ, ಹೇಳಿದ್ದೆಲ್ಲ ಅತ್ತೆಯ ಬಾಯಿ. ಒಮ್ಮೆ ಕೆಲಸದ ನಡುವೆ ಅತ್ತೆ ತಲೆಯೆತ್ತಿ, "ಇದು ಯಾರಿಗೆ?" ಅಂದರು. ನಾದಿನಿಗೆ ಎಂದು ಸೊಸೆ ಹೇಳಿದಳು. "ಹೌದಲ್ಲ," ಎಂದು ಅವರು ನಾಚಿಕೊಂಡರು.

ಹೆಡ್ ಮಿಸ್ಸನ್ನು ಪುಟ್ಟಿ ಫೋನು ಮಾಡಿ ಕರೆಸಿದಳು. ಭಾನುವಾರ, ಎಲ್ಲರೂ ಇದ್ದರು. ಉಡುಪು ಹಾಕಿಕೊಂಡು ಹೊರಬಂದವಳು ಕನ್ನಡಿಯ ಮುಂದೆ ನಿಂತಳು. ಪತ್ರಿಕೆಯ ಸೊಂಟ ಇರಲಿಲ್ಲ, ಕಾರೂ ಇರಲಿಲ್ಲ. ಆದರೆ ಬೆನ್ನು ನೆಟ್ಟಗಾಗಿತ್ತು, ಒಂದು ಕೈ ತಾನಾಗಿಯೇ ಸೊಂಟಕ್ಕೆ ಹೋಗಿತ್ತು.

"ಅಜ್ಜಿಯ ಪುಸ್ತಕದಿಂದ ಎದ್ದು ಬಂದ ಹಾಗಿದ್ದೀಯಾ ಅತ್ತೆ," ಅಂದಳು ಪುಟ್ಟಿ, ಹೆಡ್ ಮಿಸ್ಸಿಗೆ.

ಎಲ್ಲರ ಮುಖವೂ ಸಡಿಲವಾಯಿತು. ಹೆಡ್ ಮಿಸ್ಸು ಒಳಗೆ ಹೋಗಿ ಉಡುಪು ಬದಲಿಸಿ ತಂದು ತಾಯಿಯ ಕೈಗೆ ಕೊಟ್ಟಳು. ಅತ್ತೆ ಅದನ್ನು ಒಮ್ಮೆ ಸವರಿ ಸೊಸೆಯ ಕಡೆ ಚಾಚಿದರು.

"ತಗೊ, ಹ್ಯಾಂಗರಿಗೆ ಹಾಕಿ ನನ್ನ ಬೀರುವಲ್ಲಿಡು."

ಪುಟ್ಟಿ ಬಾಯಿ ತೆರೆದವಳು ಹಾಗೇ ಇದ್ದಳು. ಗಂಡ ಚಹಾದ ಲೋಟವನ್ನು ಕೆಳಗಿಟ್ಟ. ಅವನ ಕಣ್ಣು ತಾಯಿಯ ಮೇಲೆ ನೆಟ್ಟಿತು, ಕೆಲಸಕ್ಕೆ ಹೋದಾಗ ನಿಂತ ಲಿಫ್ಟಿನ ಸದ್ದು ಕೇಳುವವನ ಹಾಗೆ. ಹೆಡ್ ಮಿಸ್ಸು ತಾಯಿಯನ್ನು ನೋಡಿ, ಅತ್ತಿಗೆಯನ್ನು ನೋಡಿ, "ಅತ್ತಿಗೆ, ಅವತ್ತೂ..." ಎಂದು ಶುರುಮಾಡಿದಳು.

ಸೊಸೆ ಈ ಗಳಿಗೆಗಾಗಿ ಕಾದಿದ್ದಳು. ಬಟ್ಟಲು ತೊಳೆಯುವಾಗ, ಇಸ್ತ್ರಿ ತಿಕ್ಕುವಾಗ, ಎಷ್ಟೋ ಸಲ ಇದನ್ನೇ ಕಲ್ಪಿಸಿಕೊಂಡಿದ್ದಳು. ಈಗ ನೋಡಿದರಾ ಎಂದು ಕೇಳಬೇಕಿತ್ತು, ಅಷ್ಟೇ. ಅತ್ತೆಯ ಚಾಚಿದ ಕೈಯಲ್ಲಿ ಉಡುಪು ಇನ್ನೂ ಹಾಗೇ ಇತ್ತು. ಎಲ್ಲರೂ ಯಾಕೆ ಸುಮ್ಮನಾದರೆಂದು ಅವರಿಗೆ ತಿಳಿದಿರಲಿಲ್ಲ. ಏನೋ ಆಗಿದೆ ಎಂಬುದು ಮಾತ್ರ ತಿಳಿದಿತ್ತು. ಕಣ್ಣಿನಲ್ಲಿ ಹೆದರಿಕೆ ಬರತೊಡಗಿತ್ತು.

ಸೊಸೆ ಉಡುಪು ತೆಗೆದುಕೊಂಡು ನಕ್ಕಳು.

"ಸಾಕು ಅತ್ತೆ, ಎಷ್ಟು ದಿನ ಚುಚ್ತೀರಾ? ತಪ್ಪಾಯ್ತು. ಎಲ್ಲರ ಮುಂದೇನೇ ಹೇಳ್ತಿದ್ದೀನಿ, ತಪ್ಪಾಯ್ತು. ಇನ್ನು ಮೇಲೆ ಉಣ್ಣೇನ ಮಡಿಸೇ ಇಡ್ತೀನಿ."

ಮೊದಲು ಗಂಡ ನಕ್ಕ. ಆಮೇಲೆ ಹೆಡ್ ಮಿಸ್ಸೂ ನಕ್ಕಳು, ಜೋರಾಗಿ, ಬಿಡುಗಡೆಯಾದವಳಂತೆ. "ಅಬ್ಬ ಅಮ್ಮ, ನನ್ನ ಜೀವ ಹೋಗಿತ್ತು. ನಿನ್ನ ತಮಾಷೆ ನೀನೇ ಇಟ್ಕೊ." ಗಂಡ ಲೋಟ ಎತ್ತಿಕೊಂಡು, "ಈ ಒಂದು ಮಾತು ಅವತ್ತೇ ಹೇಳಿದ್ರೆ ಇಷ್ಟು ದಿನ ಎಲ್ರೂ ನೆಮ್ಮದಿಯಾಗಿ ಊಟ ಮಾಡ್ತಿದ್ವಿ," ಅಂದ. ಪುಟ್ಟಿ ಮಾತ್ರ ನಗಲಿಲ್ಲ. ಸೊಸೆ ಮೇಜಿನ ಮೇಲೆ ಉಡುಪನ್ನು ಹರಡಿ, ತೋಳುಗಳನ್ನು ಒಳಗೆ ಸೇರಿಸಿ, ನೀಟಾಗಿ ಮಡಿಸಿ ನಾದಿನಿಯ ಚೀಲದಲ್ಲಿಟ್ಟಳು.

ಸಂಜೆ ಅಡುಗೆಮನೆಯಲ್ಲಿ ಅವಳು ಉಳಿದ ಹಸಿರು ನೂಲನ್ನು ಕುರ್ಚಿಯ ಬೆನ್ನಿಗೆ ಹಾಕಿಕೊಂಡು ಉಂಡೆ ಸುತ್ತುತ್ತಿದ್ದಳು. ಅತ್ತೆ ಬಂದು ಎದುರು ಕೂತರು. ನೂಲನ್ನು ಕುರ್ಚಿಯಿಂದ ತೆಗೆದು ತಮ್ಮ ಎರಡು ಮಣಿಕಟ್ಟುಗಳಿಗೆ ಹಾಕಿಕೊಂಡು ಕೈ ಚಾಚಿದರು. ಸೊಸೆ ಸುತ್ತತೊಡಗಿದಳು.

"ನಾನು ತಮಾಷೆ ಮಾಡ್ಲಿಲ್ಲ," ಅಂದರು ಅತ್ತೆ.

"ಗೊತ್ತು."

"ಅವತ್ತೂ ನಾನೇ ಹೇಳಿದ್ನಾ? ನೇತುಹಾಕು ಅಂತ?"

"ಹೂಂ ಅತ್ತೆ."

"ಮತ್ತೆ ನೀನು ಹೇಳಬಾರದಿತ್ತಾ?"

"ಹೇಳಿದ್ದೆ. ಯಾರೂ ನಂಬಲಿಲ್ಲ."

"ನಾನು?"

"ನೀವೂ."

ಅತ್ತೆಯ ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಸೊಸೆ ಬಗ್ಗಿ ತನ್ನ ಬಟ್ಟೆಯ ತುದಿಯಿಂದ ಒರೆಸಿದಳು. "ಅವನಿಗೆ ಹೇಳಬೇಡ," ಅಂದರು ಅತ್ತೆ. ಹೇಳಲ್ಲ ಅಂದಳು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಅವಳನ್ನು ಒಬ್ಬರು ಪೂರ್ತಿ ನಂಬಿದ್ದು ಅದೇ ಮೊದಲು, ಅವಳಿಗೆ ಸಂತೋಷವಾಗಿತ್ತು.

ಸಮಾರಂಭ ಚೆನ್ನಾಗಿ ಆಯಿತಂತೆ. ಎಲ್ಲರೂ ಉಡುಪಿನ ಬಗ್ಗೆಯೇ ಕೇಳಿದರಂತೆ. ಮರುದಿನ ಹೆಡ್ ಮಿಸ್ಸು ಫೋನು ಮಾಡಿದಾಗ ಅತ್ತೆ ಹಜಾರದಲ್ಲಿ ಕೂತು ಮಾತಾಡುತ್ತಿದ್ದರು. ಸೊಸೆ ಆಗಷ್ಟೇ ಲಾಂಡ್ರಿಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

"ಇಲ್ವೇ, ನಾನಲ್ಲ. ನಾನು ಯಾಕೆ ನೇತುಹಾಕಲಿ? ನಿನ್ನ ಅತ್ತಿಗೇನೇ. ಲಾಂಡ್ರಿಯವಳಲ್ವಾ, ಅವಳಿಗೇನು ಗೊತ್ತು ಉಣ್ಣೆ," ಎನ್ನುತ್ತಿದ್ದರು ಅತ್ತೆ, ಹಿತವಾದ, ನಿಶ್ಚಿಂತೆಯ ದನಿಯಲ್ಲಿ. ಸೊಸೆಯನ್ನು ಕಂಡು ತಲೆಯಾಡಿಸಿದರು, ಬಂದ್ಯಾ ಎನ್ನುವ ಹಾಗೆ. ಆಮೇಲೆ ಫೋನಿಗೆ, "ಆದ್ರೆ ಅವಳಿಗೆ ಬೈಬೇಡ. ಬಟ್ಟೆ ಕೆಡಿಸಿದ್ಲು, ನಿಜ. ಮನಸ್ಸು ಒಳ್ಳೇದು," ಅಂದರು.

ಸೊಸೆ ಚಪ್ಪಲಿಯನ್ನು ಗೋಡೆಗೆ ಜರುಗಿಸಿದಳು. ಅಡುಗೆಮನೆಗೆ ಹೋದಾಗ ಒಲೆ ಉರಿಯುತ್ತಿತ್ತು, ಮೇಲೆ ಪಾತ್ರೆ ಇರಲಿಲ್ಲ. ಅವತ್ತು ಬೆಳಗ್ಗೆ ಕೊಳವೆ ಮುಚ್ಚಲು ಅವಳೇ ಮರೆತಿದ್ದಳು. ಆರಿಸಿದಳು.

"ನಾನೇ ಕಣ್ರೀ ನೇತುಹಾಕಿದ್ದು," ಎಂದು ಒಳಗಿನಿಂದಲೇ, ಫೋನಿಗೆ ಕೇಳುವಷ್ಟು ಜೋರಾಗಿ ಹೇಳಿ, ಚಹಾಕ್ಕೆ ನೀರಿಟ್ಟಳು.